ವಾರಕ್ಕೊಂದು ಗಂಟೆ ನಮ್ಮ ಸುತ್ತಿನ ಹಾಡು: ಸಮುದಾಯ ಬಾನುಲಿಗೆ ಸಂಗೀತ ಕಾರ್ಯಕ್ರಮ ಕಟ್ಟುವ ಬಗೆ

ಶಿಕ್ಷಣ ಸಂಸ್ಥೆಗಳು, ಸಂಘ ಸಂಸ್ಥೆಗಳು ತಮ್ಮ ಸುತ್ತಿನ ಜನರಿಗಾಗಿ ನಡೆಸುವ ಸಮುದಾಯ ಬಾನುಲಿ (ಕಮ್ಯುನಿಟಿ ರೇಡಿಯೋ) ಕೇಂದ್ರಕ್ಕೆ ಸಾಮಾನ್ಯವಾಗಿ ಸಿಗುವ ಪ್ರಸಾರ ಶಕ್ತಿ 100 ವಾಟ್, ಗೋಪುರದ ಎತ್ತರ ಹೆಚ್ಚೆಂದರೆ 30 ಮೀಟರ್. ಧಾರವಾಡ ಸೀಮೆಯ ಎರೆಹೊಲದ ಬಯಲಿನಲ್ಲಿ ಇಷ್ಟಕ್ಕೆ ದನಿ 10–15 ಕಿಲೋಮೀಟರ್ ಹೋಗುತ್ತದೆ. ಅಡ್ಡಕ್ಕೆ ಗುಡ್ಡ ಬಂದರೆ ಅದೂ ಇಲ್ಲ. ಕೇಂದ್ರಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ವಾರದ ಸಂಗೀತ ಕಾರ್ಯಕ್ರಮ ಹುಟ್ಟುವುದೇ ಈ ಅಳತೆಯಿಂದ ಅನ್ನಿಸುತ್ತದೆ. ಹಾಡುವವರೂ ಕೇಳುವವರೂ ಒಂದೇ ಸಂತೆಗೆ ಬರುವ ಜನ. ಭಾನುವಾರ ಸಂಜೆ ರೇಡಿಯೋದಲ್ಲಿ ಹಾಡಿದಾಕೆಯನ್ನು ಮಂಗಳವಾರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ನಿಂತವರು ಗುರುತು ಹಿಡಿದು ಮಾತಾಡಿಸುತ್ತಾರೆ. ದೊಡ್ಡ ಎಫ್‌ಎಂ ಕೇಂದ್ರಗಳಿಗೆ ಈ ಭಾಗ್ಯವಿಲ್ಲ.

ಆ ಒಂದು ಗಂಟೆಯನ್ನು ವಾರ ವಾರ ಕಟ್ಟುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಇದು ಧಾರವಾಡ, ಗದಗ ಕಡೆಯ ಅನುಭವ. ಕರಾವಳಿಯವರು, ಹಳೇ ಮೈಸೂರಿನವರು ಹಾಡುಗಳ ಹೆಸರು ಬದಲಿಸಿಕೊಂಡರೆ ಆಯಿತು, ಕೆಲಸ ಅದೇ.

ಮೊದಲು: ಇದು ಯಾವ ಕಾರ್ಯಕ್ರಮ?

ಒಂದೇ ವಾಕ್ಯದಲ್ಲಿ ಬರೆದು ಸ್ಟುಡಿಯೋ ಗೋಡೆಗೆ ಅಂಟಿಸಿ. ನಮ್ಮದು: ‘ನಮ್ಮ ಗೋಪುರದ ದನಿ ಮುಟ್ಟುವಷ್ಟು ದೂರದೊಳಗೆ ಯಾರು ಏನು ಹಾಡುತ್ತಾರೋ ಅದು.’ ಈ ವಾಕ್ಯ ಇಲ್ಲದಿದ್ದರೆ ಮೂರನೇ ವಾರಕ್ಕೆ ಸಿನಿಮಾ ಹಾಡು ನುಸುಳುತ್ತದೆ, ಆರನೇ ವಾರಕ್ಕೆ ಅದೇ ತುಂಬಿಕೊಳ್ಳುತ್ತದೆ. ಸಿನಿಮಾ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಮನೆಯಲ್ಲೂ ದಿನವಿಡೀ ಅದೇ. ಆದರೆ ಅದು ಫೋನಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಓಣಿಯ ಭಜನಾ ಮಂಡಳಿಯ ಹಾಡು ನೀವು ಹಾಕದಿದ್ದರೆ ಗಾಳಿಗೆ ಬರುವುದೇ ಇಲ್ಲ.

ಈ ಅವಕಾಶ ಸಿಕ್ಕಿದ್ದೂ ಸುಮ್ಮನೆ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಆ ಕೇಂದ್ರದಿಂದ. ಆಮೇಲೆ ದಶಕಗಟ್ಟಲೆ ಗಾಳಿ ಸರ್ಕಾರದ ಕೈಯಲ್ಲಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಗಾಳಿಯಲೆಗಳು ಸಾರ್ವಜನಿಕ ಸ್ವತ್ತು ಎಂದಿತು. 2002ರ ಕೊನೆಗೆ ಶಿಕ್ಷಣ ಸಂಸ್ಥೆಗಳಿಗೂ 2006ರಲ್ಲಿ ಸಂಘ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಅದಕ್ಕೂ ಮುಂಚೆಯೇ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು, ಪ್ರಸಾರದ ಪರವಾನಗಿ ಇಲ್ಲದೆ ಕೇಬಲ್ ತಂತಿಯಲ್ಲಿ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸುತ್ತಿದ್ದರು. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಆ ಸಮುದಾಯದವರು ಸೇರಿ ಅಲ್ಲೇ ತಯಾರಿಸಿದ್ದಾಗಿರಬೇಕು, ಆದಷ್ಟೂ ಅಲ್ಲಿಯ ಭಾಷೆಯಲ್ಲಿರಬೇಕು ಎಂದು ಸಮುದಾಯ ಬಾನುಲಿಗೆ ಸರ್ಕಾರ ಮಾಡಿದ ಮಾರ್ಗಸೂಚಿ ಹೇಳುತ್ತದೆ. ಸಂಗೀತದ ಗಂಟೆಗೆ ನಾನು ಇದನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ. ಏಳು ಹಾಡಿದ್ದರೆ ನಾಲ್ಕು ನಾವೇ ಹೋಗಿ ಧ್ವನಿಮುದ್ರಿಸಿದ್ದಾಗಿರಲೇಬೇಕು.

ವೇಳೆ ಹಿಡಿಯುವುದು

ವೇಳೆ ಗೊತ್ತುಮಾಡುವ ಮೊದಲು ಒಂದು ವಾರ ಊರು ಸುತ್ತಿ. ಹಿಟ್ಟಿನ ಗಿರಣಿ, ಟೇಲರ್ ಅಂಗಡಿ, ಕ್ಷೌರದ ಅಂಗಡಿ, ಚಹಾದ ಹೋಟೆಲ್: ರೇಡಿಯೋ ಜೋರಾಗಿ ಹಚ್ಚುವವರು ಇವರು. ಫೋನಿನಲ್ಲಿ ಕೇಳುವವರಿಗೆ ಇಯರ್‌ಫೋನಿನ ತಂತಿಯೇ ಏರಿಯಲ್ ಆದ್ದರಿಂದ ಅವರು ಒಬ್ಬೊಬ್ಬರೇ ಕೇಳುತ್ತಾರೆ. ಈಚಿನ ಎಷ್ಟೋ ಫೋನುಗಳಲ್ಲಿ ಎಫ್‌ಎಂ ಇಲ್ಲವೇ ಇಲ್ಲ. ಹೊಲಕ್ಕೆ ನೀರು ಹಾಯಿಸುವವರಿಗೆ ತ್ರೀ ಫೇಸ್ ಕರೆಂಟ್ ಯಾವ ಹೊತ್ತಿಗೆ ಬರುತ್ತದೆ ಎಂದು ಕೇಳಿಕೊಳ್ಳಿ; ರಾತ್ರಿ ಪಂಪಿನ ಹತ್ತಿರ ಕೂತವರಷ್ಟು ನಿಷ್ಠೆಯ ಕೇಳುಗರು ಬೇರೆ ಇಲ್ಲ. ಟಿವಿ ಧಾರಾವಾಹಿಯ ಹೊತ್ತಿಗೆ ಎದುರು ನಿಲ್ಲಬೇಡಿ.

ನಮ್ಮದು ಭಾನುವಾರ ಸಂಜೆ ಆರೂವರೆಗೆ, ಮರುಪ್ರಸಾರ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ. ಒಮ್ಮೆ ಹಿಡಿದ ವೇಳೆಯನ್ನು ವರ್ಷದವರೆಗೆ ಮುಟ್ಟಬೇಡಿ. ಕೇಂದ್ರಕ್ಕೆ ಅತಿಥಿ ಬಂದರು, ಯಾವುದೋ ವಿಶೇಷ ಭಾಷಣ ಬಂತು ಎಂದು ಹಾಡಿನ ಗಂಟೆಯನ್ನು ಸರಿಸುವುದು ಎಲ್ಲ ಕಡೆ ಇರುವ ಚಾಳಿ. ‘ಈ ವಾರ ನಿನ್ನ ಹಾಡು ಬರ್ತದವ್ವಾ’ ಎಂದು ಹೇಳಿಸಿಕೊಂಡಾಕೆ ಮೊಮ್ಮಕ್ಕಳನ್ನೆಲ್ಲ ಕೂಡಿಸಿಕೊಂಡು ಕೂತಿರುತ್ತಾಳೆ. ಅವಳಿಗೆ ಏನು ಹೇಳುತ್ತೀರಿ?

ಗಂಟೆಯ ಲೆಕ್ಕ

ಅರವತ್ತು ನಿಮಿಷದಲ್ಲಿ ಕೇಂದ್ರದ ಹೆಸರು, ಪ್ರಕಟಣೆಗಳಿಗೆ ಎರಡು ನಿಮಿಷ ಕಳೆಯಿರಿ. ಉಳಿದದ್ದು 58. ನಾನು ಹಂಚುವುದು ಹೀಗೆ. ಗುರುತಿನ ನಾದ, ನಮಸ್ಕಾರ ಸೇರಿ ಒಂದು ನಿಮಿಷ. ಕೂಡಲೇ ನಾಲ್ಕು ನಿಮಿಷದ ಒಂದು ಚುರುಕಿನ ಹಾಡು, ಮಾತು ಹೆಚ್ಚಿಲ್ಲದೆ. ಆಮೇಲೆ ಒಂದೇ ಊರಿನ ಇಲ್ಲವೇ ಒಂದೇ ಬಗೆಯ ಎರಡು ಹಾಡು, ಹತ್ತು ನಿಮಿಷ. ನಂತರ ವಾರದ ದೊಡ್ಡ ಹಾಡು: ಒಂದು ಗೀಗೀ ಪದವೋ ಮೊಹರಂನ ರಿವಾಯತ್ ಪದವೋ ಹಿಂದೂಸ್ತಾನಿ ಖಯಾಲೋ, ಹದಿನೈದು ನಿಮಿಷ. ಕೇಳುಗರು ವಾಟ್ಸಾಪಿನಲ್ಲಿ ಕಳಿಸಿದ ದನಿ ಸಂದೇಶಗಳಿಗೆ ನಾಲ್ಕು. ಈಗಷ್ಟೇ ಕಲಿಯುತ್ತಿರುವ ಒಬ್ಬರಿಗೆ ಐದು. ನಮ್ಮ ಸಂಗ್ರಹದ ಹಳೆಯ ಧ್ವನಿಮುದ್ರಣಕ್ಕೆ ಆರು. ಕೊನೆಗೆ ತತ್ವಪದ ಅಥವಾ ಭಜನೆ, ಎಂಟು. ಇಷ್ಟಕ್ಕೆ 53 ಆಯಿತು. ಉಳಿದ ಐದೇ ನಿಮಿಷ ನಡುನಡುವಿನ ನಿಮ್ಮ ಮಾತಿಗೆ. ಐದು ಸಾಲದು ಅನ್ನಿಸುತ್ತದೆ, ಸಾಕು.

ದೊಡ್ಡ ಹಾಡನ್ನು ಯಾಕೆ ಇಡಬೇಕು? ನಮ್ಮ ಕಡೆಯ ಎಷ್ಟೋ ಹಾಡುಗಳು ಮೂರು ನಿಮಿಷಕ್ಕೆ ಬಾಯೇ ತೆರೆಯುವುದಿಲ್ಲ. ಗೀಗೀ ಪದದಲ್ಲಿ ಹರದೇಶಿ ಮೇಳ ಒಂದು ಪಕ್ಷ ಹಿಡಿದರೆ ನಾಗೇಶಿ ಮೇಳ ಇನ್ನೊಂದು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಸವಾಲು ಜವಾಬು ನಡೆಯುತ್ತದೆ. ಐದು ನಿಮಿಷಕ್ಕೆ ಕತ್ತರಿಸಿದರೆ ಸವಾಲು ಉಳಿಯುತ್ತದೆ, ಜವಾಬು ಹೋಗುತ್ತದೆ. ಹರದೇಶಿ ಹಾಡಿ ನಾಗೇಶಿ ಬಿಟ್ಟರೆ ಅದು ಅನ್ಯಾಯವೂ ಹೌದು. ಒಂದೇ ವಾರದಲ್ಲಿ ಎರಡೂ ಹಿಡಿಯದಿದ್ದರೆ ‘ಇದರ ಜವಾಬು ಮುಂದಿನ ವಾರ’ ಎಂದು ಹೇಳಿ, ಹೇಳಿದ ಹಾಗೆ ಹಾಕಿ. ಆ ಒಂದು ವಾರ ಚಹಾದಂಗಡಿಯಲ್ಲಿ ನಡೆಯುವ ವಾದವೇ ನಿಮ್ಮ ಪ್ರಚಾರ.

ಈಗ ವರ್ಷದ ಲೆಕ್ಕ. ವಾರಕ್ಕೆ ಏಳು ಹಾಡು ಎಂದರೆ 52 ವಾರಕ್ಕೆ 364. ಅದರಲ್ಲಿ ನಾವೇ ಧ್ವನಿಮುದ್ರಿಸುವುದು ವಾರಕ್ಕೆ ನಾಲ್ಕು, ವರ್ಷಕ್ಕೆ 208. ಒಂದು ಊರಿಗೆ ಹೋದರೆ ಪ್ರಸಾರಕ್ಕೆ ಒದಗುವ ಹಾಡು ಐದೋ ಆರೋ ಸಿಗುತ್ತವೆ. ಹಾಗಾಗಿ ತಿಂಗಳಿಗೆ ಮೂರು ಸಲವಾದರೂ ಊರಿಗೆ ಹೋಗಲೇಬೇಕು. ಈ ಲೆಕ್ಕ ಹಾಕದೆ ಹುರುಪಿನಲ್ಲಿ ಶುರುವಾದ ಕಾರ್ಯಕ್ರಮಗಳು ನಾಲ್ಕನೇ ತಿಂಗಳಿಗೆ ಹಾಡಿಲ್ಲದೆ ಕೂರುತ್ತವೆ. ಮೊದಲ ಪ್ರಸಾರಕ್ಕೆ ಮುಂಚೆಯೇ ನಾಲ್ಕು ಕಂತು ಪೂರ್ತಿ ತಯಾರಿಟ್ಟುಕೊಳ್ಳಿ. ಬಿತ್ತನೆಯ ಹೊತ್ತಿನಲ್ಲಿ, ರಾಶಿಯ ಹೊತ್ತಿನಲ್ಲಿ ಯಾರೂ ನಿಮಗೆ ಕೂತು ಹಾಡುವುದಿಲ್ಲ. ಆಗ ಈ ನಾಲ್ಕು ಕೈಹಿಡಿಯುತ್ತವೆ.

ಹಾಡಿನ ಪಂಚಾಂಗ

ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಯಾವ ಹಾಡು ಯಾವಾಗಿನದು ಎಂದು ಗುರುತು ಹಾಕುತ್ತ ಬನ್ನಿ. ಮಣ್ಣೆತ್ತಿನ ಅಮಾವಾಸ್ಯೆ ಆದಮೇಲೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನ ಹಾಡು. ಶ್ರಾವಣ ತುಂಬ ಭಜನೆ. ಆ ತಿಂಗಳು ಮಂಡಳಿಗಳು ತಾವೇ ಕರೆಯುತ್ತವೆ. ಭಾದ್ರಪದದಲ್ಲಿ ಬುಟ್ಟಿ ಹೊತ್ತು ಬರುವ ಜೋಕುಮಾರನ ಹಾಡು. ಶೀಗಿ ಹುಣ್ಣಿಮೆ, ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳ ಕೋಲಾಟದ ಪದ. ರಾಶಿಯ ಕಾಲಕ್ಕೆ ಹಂತಿ ಪದ. ಈಗ ಕಣದಲ್ಲಿ ತೆನೆ ತುಳಿಸಲು ಎತ್ತುಗಳ ಸಾಲು, ಅಂದರೆ ಹಂತಿ, ಕಟ್ಟುವವರು ಕಡಿಮೆ, ಹಾಡು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕು. ಮೊಹರಂ ರಿವಾಯತ್ ಪದಗಳನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿ ಮತದವರೂ ಹಾಡುತ್ತಾರೆ. ಆದರೆ ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತ ಬರುತ್ತದೆ, ಹೋದ ವರ್ಷದ ಪಟ್ಟಿ ನೋಡಿ ಮೋಸ ಹೋಗಬೇಡಿ.

ಹಬ್ಬದ ದಿನವೇ ಹೋಗಿ ಧ್ವನಿಮುದ್ರಿಸಿ ಅದೇ ವಾರ ಹಾಕುವುದು ಕಷ್ಟ. ಈ ವರ್ಷ ಹಬ್ಬದಲ್ಲಿ ಮುದ್ರಿಸಿದ್ದನ್ನು ಮುಂದಿನ ವರ್ಷ ಹಬ್ಬಕ್ಕೆ ಒಂದು ವಾರ ಮೊದಲು ಹಾಕಿ. ಕೇಳಿದವರಿಗೆ ತಮ್ಮ ಮನೆಯಲ್ಲೂ ಹಾಡಬೇಕು ಅನ್ನಿಸಲು ಹೊತ್ತು ಸಿಗುತ್ತದೆ.

ಊರಿಗೆ ಹೋಗಿ ಧ್ವನಿಮುದ್ರಿಸುವುದು

ಮೊದಲ ಸಲ ರೆಕಾರ್ಡರ್ ಚೀಲದಲ್ಲೇ ಇರಲಿ. ಕೂತು ಮಾತಾಡಿ, ಚಹಾ ಕುಡಿಯಿರಿ, ಅವರು ಎಷ್ಟು ಹಾಡುತ್ತಾರೋ ಅಷ್ಟು ಸುಮ್ಮನೆ ಕೇಳಿ. ಯಾರು ಮುಂದೆ ಹಾಡುತ್ತಾರೆ, ಯಾರು ಹಿಂದೆ ಎತ್ತಿಕೊಳ್ಳುತ್ತಾರೆ, ಯಾವ ವಾದ್ಯದ ದನಿ ಎಲ್ಲವನ್ನೂ ನುಂಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ.

ಎರಡನೇ ಸಲ ಜಾಗ ಆರಿಸಿ. ಹೊಸ ಸಿಮೆಂಟಿನ ಕೋಣೆಯಲ್ಲಿ ದನಿ ಗುಂಯ್‌ಗುಡುತ್ತದೆ. ಕೌದಿಗಳನ್ನು ತರಿಸಿ, ಹಗ್ಗ ಕಟ್ಟಿ ಎರಡು ಗೋಡೆಗೆ ಇಳಿಬಿಡಿ, ನೆಲಕ್ಕೆ ಒಂದು ಹಾಸಿ. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಅಂಟಿಸುವ ಸ್ಪಂಜಿನ ಹಾಳೆಗಿಂತ ಹಳೇ ಸೀರೆಯ ದಪ್ಪ ಕೌದಿ ಚೆನ್ನಾಗಿ ಕೆಲಸ ಮಾಡುತ್ತದೆ ಎನ್ನುವುದು ನನ್ನ ಕಿವಿಯ ಮಾತು. ಮಣ್ಣಿನ ಗೋಡೆಯ ಪಡಸಾಲೆ ಸಿಕ್ಕರೆ ಅದೂ ಬೇಡ. ಫ್ಯಾನ್, ಫ್ರಿಜ್, ಗುಂಯ್ ಎನ್ನುವ ಟ್ಯೂಬ್‌ಲೈಟ್ ಆರಿಸಿ. ಫ್ರಿಜ್ ಆರಿಸಿದರೆ ಹೊರಡುವಾಗ ಮತ್ತೆ ಹಚ್ಚಲು ಮರೆಯದಿರಲು ನಿಮ್ಮ ಗಾಡಿಯ ಕೀಲಿಯನ್ನು ಅದರ ಮೇಲೆ ಇಟ್ಟುಬಿಡಿ.

ಯಂತ್ರ ದುಬಾರಿಯದ್ದೇ ಬೇಕೆಂದಿಲ್ಲ. ಕೈಯಲ್ಲಿ ಹಿಡಿಯುವ ಸಾಮಾನ್ಯ ಸ್ಟೀರಿಯೋ ರೆಕಾರ್ಡರ್ ಸಾಕು. ಎಂಪಿ3ಯಲ್ಲಲ್ಲ, ದನಿಯನ್ನು ಕುಗ್ಗಿಸದ ವೇವ್ ಫೈಲಿನಲ್ಲಿ ಮುದ್ರಿಸಿ. ದನಿಯ ಮಟ್ಟ ತಾನೇ ಹೊಂದಿಸಿಕೊಳ್ಳುವ ಸೌಲಭ್ಯವನ್ನು ಬಂದ್ ಮಾಡಿಡಿ. ಅದು ಇದ್ದರೆ ಹಾಡುವವರು ಉಸಿರು ತೆಗೆದುಕೊಂಡಾಗಲೆಲ್ಲ ಹಿಂದಿನ ಗದ್ದಲ ಮೇಲೆದ್ದು ಬರುತ್ತದೆ. ಜೋರಾಗಿ ಹಾಡುವ ನುಡಿಯನ್ನು ಒಮ್ಮೆ ಹಾಡಿಸಿ, ದನಿಯ ಮಟ್ಟ ತೋರಿಸುವ ಮುಳ್ಳು ಮೈನಸ್ 12 ಡೆಸಿಬೆಲ್ ಹತ್ತಿರ ಮುಟ್ಟುವಂತೆ ಮಟ್ಟ ಇಡಿ. ಹಾಡಿನ ಭರದಲ್ಲಿ ದನಿ ಇನ್ನೂ ಏರುತ್ತದೆ, ಅದಕ್ಕೆ ಜಾಗ ಬೇಕು. ಕಿವಿಗೆ ಹೆಡ್‌ಫೋನ್ ಇಲ್ಲದೆ ಧ್ವನಿಮುದ್ರಣ ಮಾಡಲೇಬೇಡಿ.

ಭಜನೆಯವರನ್ನು ಅರ್ಧ ಚಂದ್ರಾಕಾರಕ್ಕೆ ಕೂಡಿಸಿ. ಮುಂದಾಳಿನ ಬಾಯಿಗೂ ಮೈಕಿಗೂ ಎರಡು ಮೂರು ಅಡಿ. ತಾಳ ಹಿಡಿದವರನ್ನು ಆದಷ್ಟು ದೂರ, ಸ್ವಲ್ಪ ಪಕ್ಕಕ್ಕೆ ಕೂಡಿಸಬೇಕು. ಕಂಚಿನ ತಾಳದ ದನಿ ಚೂಪು, ಹತ್ತಿರವಿದ್ದರೆ ಮಾತು ಕೇಳಿಸುವುದಿಲ್ಲ. ಹಾರ್ಮೋನಿಯಂ ತಿದಿಯ ಉಸಿರು ಮೈಕಿಗೆ ತಾಗದಂತೆ ಅದರ ಹಿಂಬದಿಯನ್ನು ಆಚೆ ತಿರುಗಿಸಿ. ಡೊಳ್ಳನ್ನು ಒಳಗೆ ಮುದ್ರಿಸುವ ಆಸೆ ಬಿಡಿ, ಅದಕ್ಕೆ ಬಯಲೇ ಬೇಕು, ಇಪ್ಪತ್ತು ಅಡಿ ದೂರದಿಂದ, ಗಾಳಿಗೆ ಮೈಕಿಗೊಂದು ಟೊಪ್ಪಿಗೆ ಹಾಕಿ.

ಬೀಸುವ ಪದದ ವಿಷಯ ಬೇರೆ. ಒಂದು ಊರಿನಲ್ಲಿ ಎಂಬತ್ತು ದಾಟಿದ ಆಯಿಯೊಬ್ಬರನ್ನು ಕೌದಿ ಕಟ್ಟಿದ ಕೋಣೆಯಲ್ಲಿ ಕೂಡಿಸಿ ಹಾಡೆಂದೆವು. ಎರಡು ನುಡಿ ಆಗುವಷ್ಟರಲ್ಲಿ ಪದ ತಪ್ಪಿತು, ಮತ್ತೆ ಶುರು ಮಾಡಿದರೂ ಅಲ್ಲಿಗೇ ನಿಂತಿತು. ‘ಕಲ್ಲ ಇಲ್ಲದ ಪದಾ ಹೆಂಗ ಬರ್ತದೋ ತಮ್ಮಾ’ ಎಂದರು. ಹಿತ್ತಲಿಂದ ಬೀಸುಕಲ್ಲು ತಂದು, ಒಂದು ಸೇರು ಜೋಳ ಹಾಕಿ ಗೂಟ ಕೈಗೆ ಕೊಟ್ಟ ಮೇಲೆ ಇಪ್ಪತ್ತು ನಿಮಿಷ ತಡೆಯಿಲ್ಲದೆ ಹಾಡಿದರು. ಪದ ಇದ್ದದ್ದು ತೋಳಿನ ತಿರುವಿನಲ್ಲಿ. ಅಂದಿನಿಂದ ಕೆಲಸದ ಹಾಡನ್ನು ಕೆಲಸದ ಜೊತೆಗೇ ಮುದ್ರಿಸುತ್ತೇವೆ. ಕಲ್ಲಿನ ಕೆಳಗೆ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿದರೆ ಗರಗರ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ, ಹೋಗಲೂ ಬಾರದು. ಮೈಕು ಕಲ್ಲಿನ ಕಡೆಗಲ್ಲ, ಬಾಯಿಯ ಎತ್ತರಕ್ಕೆ ಇರಲಿ.

ಹಾಡು ಶುರುವಾಗುವ ಮೊದಲು ದಿನಾಂಕ, ಊರು, ಹಾಡುವ ಪ್ರತಿಯೊಬ್ಬರ ಹೆಸರು, ಯಾರಿಂದ ಕಲಿತರು ಎಂಬುದನ್ನು ಮೈಕಿನಲ್ಲೇ ಹೇಳಿಸಿ. ಚೀಟಿ ಕಳೆಯುತ್ತದೆ, ಫೈಲಿನೊಳಗಿನ ಮಾತು ಕಳೆಯುವುದಿಲ್ಲ. ‘ಎಲ್ಲರ ಹೆಸರು’ ಎಂದು ಒತ್ತಿ ಹೇಳಲು ಕಾರಣವಿದೆ. ಮೊದಲ ವರ್ಷ ಒಂದು ಗೀಗೀ ಮೇಳದ ಹಾಡು ಹಾಕಿ, ಡಪ್ಪು ಹಿಡಿದ ಮುಖ್ಯ ಹಾಡುಗಾರರ ಹೆಸರಷ್ಟೇ ಹೇಳಿಬಿಟ್ಟೆ. ಮರುವಾರ ಅದೇ ಮೇಳದಲ್ಲಿ ತುಂತುಣಿ ವಾದ್ಯ ನುಡಿಸಿದವರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಕೇಳಿದರು: ‘ಹೆಸರಿಗೆ ಅವರು, ಗೀಗೀ ಅನ್ನಾಕ ನಾವು ಏನ್ರಿ ಸರ?’ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಭಾನುವಾರ ನಾಲ್ವರ ಹೆಸರನ್ನೂ ಹೇಳಿ ಆ ಹಾಡನ್ನು ಮತ್ತೆ ಹಾಕಿದೆ. ಹನ್ನೆರಡು ಜನರ ಮಂಡಳಿಯಾದರೂ ಸರಿ, ಹನ್ನೆರಡು ಹೆಸರು ಓದುತ್ತೇವೆ. ಅರ್ಧ ನಿಮಿಷ ಹಿಡಿಯುತ್ತದೆ ಅಷ್ಟೇ.

ಹೊರಡುವ ಮೊದಲು ಯಾರೂ ಮಾತಾಡದೆ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಸಂಕಲನದಲ್ಲಿ ಎರಡು ತುಂಡು ಜೋಡಿಸುವಾಗ ನಡುವೆ ಹಾಕಲು ಅದು ಬೇಕು.

ಒಪ್ಪಿಗೆ ಮತ್ತು ಹಕ್ಕು

ಹಾಡುವವರ ಒಪ್ಪಿಗೆಯನ್ನೂ ದನಿಯಲ್ಲೇ ಪಡೆಯಿರಿ; ಓದು ಬರಹ ಬಾರದವರ ಹೆಬ್ಬೆಟ್ಟು ಒತ್ತಿಸುವುದಕ್ಕಿಂತ ಇದು ಗೌರವದ್ದು. ರೇಡಿಯೋದಲ್ಲಿ ಬರುತ್ತದೆ, ಮರುಪ್ರಸಾರವೂ ಆಗುತ್ತದೆ ಎಂದು ತಿಳಿಸಿ. ಇಂಟರ್‌ನೆಟ್ಟಿಗೂ ಹಾಕುವುದಾದರೆ ಅದನ್ನು ಬೇರೆಯಾಗಿ ಕೇಳಿ. ಊರಿನ ರೇಡಿಯೋಕ್ಕೆ ಹೂಂ ಎಂದ ಹೆಣ್ಣುಮಗಳು ಲೋಕವೆಲ್ಲ ನೋಡುವ ಜಾಗಕ್ಕೆ ಬೇಡ ಎನ್ನಬಹುದು. ಕೆಲವು ಹಾಡು ಕಾಲ ಜಾಗ ಬಿಟ್ಟು ಹಾಡುವಂತಿಲ್ಲ ಎಂದು ಅವರೇ ಹೇಳುತ್ತಾರೆ. ಒತ್ತಾಯ ಮಾಡಬೇಡಿ. ಮುದ್ರಿಸಿದ್ದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಅವರಿಗೆ ಮುಟ್ಟಿಸುವುದು ನಿಮ್ಮ ಕೆಲಸ, ಅವರು ಕೇಳಿಕೊಂಡು ಬರುವಂತಾಗಬಾರದು.

ಇನ್ನು ಕಾಯಿದೆ. ಭಾರತದಲ್ಲಿ ಪಠ್ಯ ಮತ್ತು ಸಂಗೀತದ ಹಕ್ಕು ರಚಿಸಿದವರ ಕಾಲಾನಂತರ 60 ವರ್ಷ ಉಳಿಯುತ್ತದೆ; ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳ ಪಠ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಹಾಗೆಂದು ಕ್ಯಾಸೆಟ್ಟಿನಲ್ಲಿ ಬಂದ ಶರೀಫರ ಪದವನ್ನು ಎತ್ತಿ ಹಾಕುವಂತಿಲ್ಲ: ರಾಗ ಹಾಕಿದವರದ್ದೂ ಕಂಪನಿಯದ್ದೂ ಹಕ್ಕು ಅದರಲ್ಲಿದೆ. ನಿಮ್ಮೂರಿನ ಹಾಡುಗಾರರು ಪರಂಪರೆಯ ಮಟ್ಟಿನಲ್ಲಿ ಹಾಡಿದರೆ ತೊಡಕಿಲ್ಲ. ನವೋದಯದ ಕವಿಗಳ ಭಾವಗೀತೆಯಲ್ಲಿ ಎಚ್ಚರ ಬೇಕು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ ಇದೆ. ಧಾರವಾಡದ ಮಕ್ಕಳೆಲ್ಲ ಬಾಯಿಪಾಠ ಹಾಡುತ್ತಾರೆ ಎಂಬುದು ಅಪ್ಪಣೆಯಾಗುವುದಿಲ್ಲ. ಪ್ರಕಟಿತ ಧ್ವನಿಮುದ್ರಣ ಬೇಕೇ ಬೇಕೆಂದರೆ ಹಕ್ಕುದಾರರಿಂದ ಪರವಾನಗಿ ಪಡೆಯಿರಿ. ಪ್ರಸಾರಕರು ಮೊದಲೇ ನೋಟಿಸ್ ಕೊಟ್ಟು, ನಿಗದಿಯಾದ ರಾಯಲ್ಟಿ ಕಟ್ಟಿ ಹಾಕುವ ದಾರಿಯನ್ನೂ 2012ರ ತಿದ್ದುಪಡಿ ತೆರೆದಿದೆ. ಯೂಟ್ಯೂಬಿನಿಂದ ಇಳಿಸಿಕೊಂಡು ಹಾಕುವುದು ಇದ್ಯಾವುದರಲ್ಲೂ ಬರುವುದಿಲ್ಲ.

ಜೋಡಿಸುವುದು

ಗುರುವಾರದೊಳಗೆ ಹಾಡುಗಳ ಸಾಲು ಗಟ್ಟಿಯಾಗಬೇಕು. ಸಾಲು ಮಾಡುವಾಗ ಹಾಡಿನ ಅರ್ಥಕ್ಕಿಂತ ಮೊದಲು ಶ್ರುತಿ ನೋಡುತ್ತೇನೆ. ಒಂದರ ಕೊನೆಯ ಹತ್ತು ಸೆಕೆಂಡು, ಮುಂದಿನದರ ಮೊದಲ ಹತ್ತು ಸೆಕೆಂಡು ಒಟ್ಟಿಗೆ ಕೇಳಿ. ಶ್ರುತಿ ಒಂದಿಷ್ಟೇ ಸರಿದಿದ್ದರೆ ಕಿವಿಗೆ ಅಪಶ್ರುತಿಯಂತೆ ಚುಚ್ಚುತ್ತದೆ. ಪೂರ್ತಿ ಬೇರೆಯಾಗಿದ್ದರೆ ಅಷ್ಟು ಚುಚ್ಚುವುದಿಲ್ಲ. ಡೊಳ್ಳು ಮುಗಿದ ಮೇಲೆ ಒಂಟಿ ದನಿಯ ಸೋಬಾನೆ ಬಂದರೆ ಕೇಳುವವರು ಕೈಕೆಲಸ ಬಿಟ್ಟು ತಲೆಯೆತ್ತುತ್ತಾರೆ. ತಿರುಗುಮುರುಗು ಮಾಡಿದರೆ ಸೋಬಾನೆ ಮರೆತೇ ಹೋಗುತ್ತದೆ.

ಶಾಸ್ತ್ರೀಯ ಸಂಗೀತ ಹಾಕುವ ವಾರ ಹೊತ್ತು ನೋಡಿ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಡಿದ ಊರುಗಳಿವು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಹಳ್ಳಿ ಹಳ್ಳಿಯಲ್ಲಿದ್ದಾರೆ. ಸಂಜೆ ಆರೂವರೆಗೆ ಬೆಳಗಿನ ರಾಗವಾದ ತೋಡಿ ಹಾಕಿದರೆ ಫೋನ್ ಬರುತ್ತದೆ, ಬರಬೇಕು. ಮುಸ್ಸಂಜೆಗೆ ಮಾರವಾ, ಪೂರಿಯಾ ಧನಾಶ್ರೀ. ಕತ್ತಲಾದ ಮೇಲೆ ಯಮನ್. ಆದರೆ ಅದೇ ಕಂತು ಬುಧವಾರ ಮಧ್ಯಾಹ್ನ ಮತ್ತೆ ಬರುತ್ತದಲ್ಲ? ಮರುಪ್ರಸಾರಕ್ಕೆ ಆ ಒಂದು ಹಾಡು ತೆಗೆದು ವೃಂದಾವನಿ ಸಾರಂಗದ ಒಂದು ತುಂಡು ಕೂಡಿಸಿ. ಇದಕ್ಕಾಗಿ ಆಶ್ರಮದ, ಸಂಗೀತ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದಾಗ ಒಂದು ಸಂಜೆಯ ರಾಗ, ಒಂದು ಮಧ್ಯಾಹ್ನದ ರಾಗ ಎರಡನ್ನೂ ಹಾಡಿಸಿಕೊಳ್ಳುತ್ತೇವೆ.

ಸಂಕಲನಕ್ಕೆ ಪುಕ್ಕಟೆ ಸಿಗುವ ಆಡಾಸಿಟಿ ಎಂಬ ತಂತ್ರಾಂಶ ಸಾಕು. ಗದ್ದಲ ತೆಗೆಯುವ ಸೌಲಭ್ಯವನ್ನು ಹೆಚ್ಚು ಬಳಸಿದರೆ ದನಿ ಬಾವಿಯೊಳಗಿಂದ ಬಂದಂತಾಗುತ್ತದೆ. ಕೋಳಿ ಕೂಗಿದ್ದು, ತೊಟ್ಟಿಲ ಮಗು ಅತ್ತಿದ್ದು ಇರಲಿ ಬಿಡಿ. ಎಲ್ಲ ಹಾಡುಗಳ ಗಟ್ಟಿತನ ಒಂದೇ ಮಟ್ಟಕ್ಕೆ ತನ್ನಿ, ಗಿರಣಿಯಲ್ಲಿ ಕೂತವರು ಎದ್ದು ಎದ್ದು ವಾಲ್ಯೂಮ್ ತಿರುಗಿಸುವಂತಾಗಬಾರದು. ಕೊನೆಗೆ ಒಮ್ಮೆ ಪೂರ್ತಿ ಕಂತನ್ನು ಮೋನೋದಲ್ಲಿ, ಅಂದರೆ ಎರಡು ಬದಿಯ ದನಿಯೂ ಒಂದಾಗಿ ಬರುವಂತೆ, ಸಣ್ಣ ರೇಡಿಯೋ ಸ್ಪೀಕರಿನಲ್ಲಿ ಕೇಳಿ. ಸ್ಟೀರಿಯೋದಲ್ಲಿ ಸೊಗಸಾಗಿದ್ದ ಧ್ವನಿಮುದ್ರಣ, ಎರಡು ಮೈಕುಗಳ ಜೋಡಣೆ ತಪ್ಪಿದ್ದರೆ, ಮೋನೋದಲ್ಲಿ ಮಾಯವಾಗಿಬಿಡುತ್ತದೆ.

ನಡುವಿನ ಮಾತು

‘ಕೇಳುಗರೇ, ಇದೀಗ ಗ್ರಾಮೀಣ ಸಂಸ್ಕೃತಿಯ ಸೊಗಡನ್ನು ಸಾರುವ ಒಂದು ಸುಮಧುರ ಗೀತೆ’ ಎಂದು ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಹೀಗೆ ಹೇಳಿ: ‘ಈಗ ಹಾಡೋರು ನಾಕು ಮಂದಿ ನೆಗೆಣ್ಣ್ಯಾರು. ಜ್ವಾಳಾ ಬೀಸಕೋತ ಹಾಡ್ಯಾರ. ಮೂರನೇ ನುಡಿಯೊಳಗ ತವರಮನಿ ದಾರಿ ಬರ್ತದ, ಅಲ್ಲಿ ಕಲ್ಲು ಸಾವಕಾಶ ಆಗ್ತದ, ಕೇಳ್ರಿ.’ ಯಾರು, ಯಾವ ಊರು, ಏನು ಮಾಡುತ್ತ ಹಾಡಿದರು, ಎಲ್ಲಿ ಕಿವಿಗೊಡಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಡು ಮುಗಿದ ಮೇಲೆ ಹೆಸರುಗಳನ್ನು ಮತ್ತೊಮ್ಮೆ ಹೇಳಿ, ನಡುವೆ ರೇಡಿಯೋ ಹಚ್ಚಿದವರಿಗೆ ಅದೇ ಬೇಕಿರುತ್ತದೆ. ಅರ್ಥ ವಿವರಿಸುವುದಾದರೆ ಹಾಡಿದವರ ಬಾಯಿಂದಲೇ ಹೇಳಿಸಿ. ಹಾಡಿನ ಮೊದಲ ಸಾಲಿನ ಮೇಲೆ ಮಾತಾಡಬೇಡಿ. ನುಡಿ ಮುಗಿಯುವ ಮೊದಲು ದನಿ ತಗ್ಗಿಸಬೇಡಿ.

ನಿಮ್ಮ ಊರಿನ ಕನ್ನಡದಲ್ಲೇ ಮಾತಾಡಿ. ಪಾಠ ಓದಿದಂತೆ ಮಾತಾಡುವ ನಿರೂಪಕರ ಎದುರು ಹಾಡುವವರೂ ತಮ್ಮ ಪದದ ಮಾತನ್ನು ತಿದ್ದಿಕೊಳ್ಳಲು ಶುರು ಮಾಡುತ್ತಾರೆ. ‘ಬರ್ತಾನ’ ಎಂಬುದು ‘ಬರುತ್ತಾನೆ’ ಆಗಿ ತಾಳ ತಪ್ಪಿದ್ದನ್ನು ನಾನೇ ಕೇಳಿದ್ದೇನೆ.

ಪ್ರಸಾರದ ದಿನ ಮತ್ತು ಆಮೇಲೆ

ಶನಿವಾರ ಸಂಜೆಯೊಳಗೆ ಪೂರ್ತಿ ಕಂತು ಪ್ರಸಾರದ ಕಂಪ್ಯೂಟರಿನಲ್ಲಿ ಇರಲಿ, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ. ಹಾಡಿನವರಿಗೆ ಅಂದೇ ಫೋನ್ ಮಾಡಿ ವೇಳೆ ತಿಳಿಸಿ. ಪ್ರಸಾರ ಮಾಡಿದ ಕಾರ್ಯಕ್ರಮಗಳನ್ನು ಮೂರು ತಿಂಗಳು ಇಟ್ಟಿರಬೇಕು ಎನ್ನುತ್ತದೆ ಮಾರ್ಗಸೂಚಿ. ಊರಿನಲ್ಲಿ ಮುದ್ರಿಸಿದ ಮೂಲ ಫೈಲುಗಳನ್ನು ಮಾತ್ರ ಎಂದೂ ಅಳಿಸಬೇಡಿ. ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಕಟ್ಟಡಗಳಲ್ಲಿ ಇಡಿ. ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು, ಹಾಡಿನ ಬಗೆ ಈ ಕ್ರಮ ತಪ್ಪದಿರಲಿ.

ಎಷ್ಟು ಜನ ಕೇಳಿದರು ಎಂದು ತಿಳಿಯಲು ಸೋಮವಾರ ಅದೇ ಗಿರಣಿ, ಅದೇ ಟೇಲರ್ ಅಂಗಡಿಗೆ ಹೋಗಿ ಕೂತು ಬನ್ನಿ. ‘ಹೆಂಗಿತ್ತು’ ಎಂದು ಕೇಳಿದರೆ ಎಲ್ಲರೂ ಚಲೋ ಇತ್ತು ಎನ್ನುತ್ತಾರೆ. ‘ಯಾವ ಹಾಡು ನೆನಪೈತಿ’ ಎಂದು ಕೇಳಿ, ಬಂದ ಉತ್ತರ ಬರೆದುಕೊಳ್ಳಿ. ಆರು ತಿಂಗಳಾದ ಮೇಲೆ ಮತ್ತೆ ಹಾಕಬೇಕಾದದ್ದು ಆ ಹಾಡು.

ಕೆಲಸ ಕೆಲವು ವರ್ಷ ನಡೆದ ಮೇಲೆ ಇನ್ನೊಂದು ವಿಷಯ ಬರುತ್ತದೆ, ಅದಕ್ಕೂ ಒಂದು ಕ್ರಮ ಬೇಕು. ನೀವು ಮುದ್ರಿಸಿದವರಲ್ಲಿ ಹಿರಿಯರು ಒಬ್ಬೊಬ್ಬರೇ ತೀರಿಕೊಳ್ಳುತ್ತಾರೆ. ಸುದ್ದಿ ತಿಳಿದ ದಿನವೇ ಅವರ ಹಾಡುಗಳನ್ನು ಪ್ರಸಾರದ ಪಟ್ಟಿಯಿಂದ ತೆಗೆದಿಡಿ. ಮನೆಯಲ್ಲಿ ದುಃಖವಿರುವಾಗ ಆ ದನಿ ಆಚೆ ಅಂಗಡಿಯಿಂದ ತಟ್ಟನೆ ಕೇಳಿಸಬಾರದು. ದಿನಕರ್ಮಗಳು ಮುಗಿದ ಮೇಲೆ ಮನೆಗೆ ಹೋಗಿ, ಇರುವ ಎಲ್ಲ ಧ್ವನಿಮುದ್ರಣಗಳ ಪ್ರತಿ ಕೊಟ್ಟು, ಮತ್ತೆ ಯಾವಾಗ ಹಾಕಬಹುದು ಎಂದು ಕೇಳಿ. ಒಂದು ಮನೆಯವರು ವರ್ಷದ ಪುಣ್ಯತಿಥಿಯವರೆಗೆ ಬೇಡ ಎಂದರು. ಬೀಸುಕಲ್ಲಿನ ಆಯಿಯ ಮನೆಯವರು ಬರುವ ಭಾನುವಾರವೇ ಹಾಕಿರಿ ಎಂದರು. ಅವರು ಹೇಳಿದ ತಾರೀಖನ್ನು ಹಾಡಿನ ಪಂಚಾಂಗದಲ್ಲಿ ಗುರುತು ಹಾಕಿಕೊಂಡು ಬನ್ನಿ.